ಸೌರ್‌ಬ್ರಾಟನ್: ಫ್ರೀ ಶೂಟಿಂಗ್ ಆಟ ನಿಜ, ಆದರೆ ವಾಟ್ಸಾಪ್‌ನಲ್ಲಿ ಬರುವ ಎಪಿಕೆ?

‘ಪಬ್‌ಜಿ ತರಹದ ಶೂಟಿಂಗ್ ಆಟ. ದುಡ್ಡಿಲ್ಲ, ಜಾಹೀರಾತಿಲ್ಲ, ಮ್ಯಾಪ್ ಕೂಡ ನೀವೇ ಮಾಡಿಕೊಳ್ಳಬಹುದು.’ ಇಂಥ ಮೆಸೇಜ್ ಬಂದರೆ ಇದೂ ಸುಳ್ಳೇ ಇರಬೇಕು ಅನ್ನಿಸುವುದು ಸಹಜ. ಆದರೆ ಇಂಥ ಆಟ ನಿಜವಾಗಿಯೂ ಇದೆ. ಹೆಸರು ‘ಕ್ಯೂಬ್ 2: ಸೌರ್‌ಬ್ರಾಟನ್’.

ವೌಟರ್ ವಾನ್ ಓರ್ಟ್‌ಮರ್ಸನ್ ಎಂಬ ಪ್ರೋಗ್ರಾಮರ್ 2001ರಲ್ಲಿ ‘ಕ್ಯೂಬ್’ ಆಟ ಹೊರತಂದರು. 2004ರಲ್ಲಿ ಅದರ ಮುಂದಿನ ರೂಪ ಸೌರ್‌ಬ್ರಾಟನ್ ಬಂತು. (ಇದು ಜರ್ಮನಿಯ ಒಂದು ಮಾಂಸದಡುಗೆಯ ಹೆಸರು, ಆಟಕ್ಕೆ ಸಂಬಂಧವೇನೂ ಇಲ್ಲ!) ಇದು ಪಬ್‌ಜಿಯಂತೆ ದ್ವೀಪದ ಆಟವಲ್ಲ. ಸಣ್ಣ ಅಖಾಡದಲ್ಲಿ ಬಂದೂಕು ಹಿಡಿದ ಆಟಗಾರನ ಕಣ್ಣಿನಿಂದಲೇ ಎಲ್ಲವೂ ಕಾಣುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಕಂಪ್ಯೂಟರ್ ಜೊತೆ ಆಡಬಹುದು.

ಇದರ ಮಜಾ ಇರುವುದು ಮ್ಯಾಪ್ ಕಟ್ಟುವುದರಲ್ಲಿ. ಬೇರೆ ಸಾಫ್ಟ್‌ವೇರ್ ಬೇಡ, ಕೋಡಿಂಗ್ ಬೇಡ. ಆಟದ ನಡುವೆಯೇ ಕೀಬೋರ್ಡಿನ ‘ಇ’ ಒತ್ತಿದರೆ ಎಡಿಟಿಂಗ್ ಶುರು. ಹೊಸ ಮ್ಯಾಪ್ ತೆರೆದರೆ ಮೊರಬದ ಎರೆ ಹೊಲದ ಹಾಗೆ ಚಪ್ಪಟೆ ನೆಲ ಸಿಗುತ್ತದೆ. ಮೌಸಿನಿಂದ ಒಂದು ಚೌಕ ಆರಿಸಿ ಚಕ್ರ ತಿರುಗಿಸಿ: ಒಂದು ಕಡೆ ತಿರುಗಿಸಿದರೆ ಗೋಡೆ ಏಳುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಗುಂಡಿ ಬೀಳುತ್ತದೆ. ಗುಂಡಿಗೆ ನೀರು ತುಂಬಿಸಿದರೆ ಕೆರೆ ಸಿದ್ಧ.

ಇದು ಹೇಗೆ ಸಾಧ್ಯ? ಆಟದ ಇಡೀ ಲೋಕ ಒಂದು ದೊಡ್ಡ ಘನ. ಬೆಲ್ಲದ ಅಚ್ಚನ್ನು ಉದ್ದ, ಅಗಲ, ಎತ್ತರ ಮೂರೂ ಕಡೆ ಅರ್ಧಕ್ಕೆ ಕೊಯ್ದರೆ ಎಂಟು ತುಂಡಾಗುತ್ತದಲ್ಲ, ಹಾಗೇ ಈ ಘನ ಎಂಟಾಗುತ್ತದೆ. ಬೇಕಾದ ಕಡೆ ಆ ತುಂಡು ಮತ್ತೆ ಎಂಟಾಗುತ್ತದೆ. ಸಣ್ಣ ಮೆಟ್ಟಿಲು ಬೇಕಾದಲ್ಲಿ ಮಾತ್ರ ಸಣ್ಣ ತುಂಡು, ಖಾಲಿ ಜಾಗದಲ್ಲಿ ದೊಡ್ಡ ತುಂಡು. ಆದ್ದರಿಂದ ಹಳೆಯ ಕಂಪ್ಯೂಟರಿಗೂ ಭಾರವಾಗುವುದಿಲ್ಲ. ನಾಲ್ಕು ಗೆಳೆಯರು ಆನ್‌ಲೈನ್‌ನಲ್ಲಿ ಸೇರಿ ಒಂದೇ ಮ್ಯಾಪ್ ಕಟ್ಟಲೂಬಹುದು.

‘ಕೋಡ್ ಎಲ್ಲರಿಗೂ ಕಾಣುತ್ತದೆ, ಹಾಗಾದರೆ ವೈರಸ್ ಇರುತ್ತದೆ’ ಎಂಬ ಮಾತು ತಪ್ಪು. ಓಪನ್ ಸೋರ್ಸ್ ಎಂದರೆ ಒಳಗೇನಿದೆ ಎಂದು ಯಾರು ಬೇಕಾದರೂ ಓದಿ ನೋಡಬಹುದು. ಆದರೆ ಅದೇ ಹೆಸರಿಟ್ಟು ಬೇರೇನನ್ನೋ ಕಳಿಸುವವರನ್ನು ಓಪನ್ ಸೋರ್ಸ್ ತಡೆಯಲಾರದು.

ಎಚ್ಚರ ಬೇಕಿರುವುದು ಇಲ್ಲೇ. ಸೌರ್‌ಬ್ರಾಟನ್ ಅಧಿಕೃತವಾಗಿ ಸಿಗುವುದು ವಿಂಡೋಸ್, ಮ್ಯಾಕ್, ಲಿನಕ್ಸ್ ಕಂಪ್ಯೂಟರ್‌ಗಳಿಗೆ. ಗ್ರೂಪಿನಲ್ಲಿ ಇದರ ಹೆಸರಿನ ಎಪಿಕೆ ಫೈಲ್ ಬಂದರೆ ಒತ್ತಬೇಡಿ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾದ ಮೇಲೆ ಎಷ್ಟೋ ಹುಡುಗರು ಹೀಗೆಯೇ ಎಪಿಕೆ ಹುಡುಕಿಕೊಂಡು ಹೋದರು. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಹೆಸರಿನಲ್ಲೂ ಇಂಥವೇ ಫೈಲ್ ಬರುತ್ತವೆ. ಎಸ್‌ಎಂಎಸ್ ಓದಲು ಅನುಮತಿ ಕೇಳಿದಾಗ ‘ಅಲೋ’ ಒತ್ತಿದರೆ ಬ್ಯಾಂಕಿನ ಒಟಿಪಿ ಕಳ್ಳರ ಕೈಗೆ ಹೋಗುತ್ತದೆ. ಮನೆಯಲ್ಲಿ ಫೋನ್ ಒಂದೇ, ಮಗ ಆಟ ಆಡುವುದೂ ಅಪ್ಪನ ಬೆಳೆ ದುಡ್ಡಿನ ಖಾತೆ ಇರುವುದೂ ಅದರಲ್ಲೇ.

ಈಗಾಗಲೇ ಹಾಕಿಕೊಂಡಿದ್ದರೆ ಕೂಡಲೇ ಡೇಟಾ, ವೈಫೈ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.