ತಡವಾದ ದ್ರಾಕ್ಷಿ: ಕರಜಗಿಯಿಂದ ನೋಡಿದ ಒಂದು ಸಿಹಿ ವೈನಿನ ಚರಿತ್ರೆ

ಇವತ್ತಿನ ನನ್ನ ವಿಷಯ, ಬಾಟಲಿ ಮೇಲೆ ‘ಲೇಟ್ ಹಾರ್ವೆಸ್ಟ್’ ಅಂತ ಬರೆದಿರುವ ಸಿಹಿಯಾದ ಬಿಳಿ ವೈನು. ನಾನು ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟ ತಾಲ್ಲೂಕಿನ ಕರಜಗಿಯವನು. ಮನೆಯಲ್ಲಿ ಯಾರೂ ವೈನು ಕುಡಿದವರಲ್ಲ. ಆದರೆ ನಮ್ಮ ಕಾಕಾನ ಎರಡು ಎಕರೆ ಥಾಮ್ಸನ್ ದ್ರಾಕ್ಷಿ ತೋಟದಲ್ಲಿ ನಾನು ದೊಡ್ಡವನಾದೆ. ಆದ್ದರಿಂದ ನನ್ನನ್ನು ಕಾಡಿದ್ದು ‘ವೈನು’ ಅನ್ನೋ ಪದ ಅಲ್ಲ, ‘ಲೇಟ್’ ಅನ್ನೋ ಪದ. ತಡ ಅಂದರೆ ಯಾವುದಕ್ಕೆ ತಡ? ಯಾರಿಗೆ ತಡ?

ಮೊದಲು ಯುರೋಪಿನ ಕಥೆ ನೋಡೋಣ. ಜರ್ಮನಿಯ ಯೋಹಾನಿಸ್‌ಬರ್ಗ್ ದ್ರಾಕ್ಷಿ ತೋಟ 18ನೇ ಶತಮಾನದಲ್ಲಿ ಫುಲ್ಡಾದ ಧರ್ಮಾಧಿಕಾರಿಗಳ ಕೈಯಲ್ಲಿತ್ತು. ಅವರ ಅಪ್ಪಣೆ ಬಾರದೆ ಕೊಯ್ಲಿಲ್ಲ. 1775ರಲ್ಲಿ ಅಪ್ಪಣೆ ತರುವ ಸವಾರ ತಡಮಾಡಿದ, ಅಷ್ಟರಲ್ಲಿ ಹಣ್ಣಿಗೆ ಬೂಷ್ಟು ಬಂದಿತ್ತು, ಆದರೂ ಅದರಿಂದ ಮಾಡಿದ ವೈನು ಅಪೂರ್ವವಾಗಿತ್ತು ಅಂತ ಹೇಳ್ತಾರೆ. ಹಂಗರಿಯ ತೊಕಾಯ್‌ನಲ್ಲೂ ಇಂಥದ್ದೇ ಕಥೆಯಿದೆ. ತುರ್ಕರ ದಾಳಿಯ ಭಯದಿಂದ 1630ರ ಸುಮಾರಿಗೆ ಕೊಯ್ಲು ಮುಂದಕ್ಕೆ ಹೋಯಿತಂತೆ. ಆದರೆ ಬಳ್ಳಿಯಲ್ಲೇ ಬತ್ತಿದ ಹಣ್ಣಿನ ವೈನಿಗೆ ಅಲ್ಲಿ ಬಳಸುವ ‘ಅಸೂ’ ಎಂಬ ಪದ 1571ರ ದಾಖಲೆಯಲ್ಲೇ ಸಿಗುತ್ತದೆ. ಅಂದರೆ ಕಥೆ ಹುಟ್ಟುವ ಮೊದಲೇ ಕಸುಬು ಇತ್ತು. ಎರಡೂ ಕಥೆಗಳಲ್ಲಿ ಕಂಡುಹಿಡಿದವರು ಯಾರೂ ಇಲ್ಲ, ಎಲ್ಲ ಆಕಸ್ಮಿಕ. ತೋಟದಲ್ಲಿ ದುಡಿದವರ ತಿಳಿವಳಿಕೆಯನ್ನು ಆಕಸ್ಮಿಕ ನುಂಗಿಬಿಟ್ಟಿದೆ.

ಇನ್ನು ದಖನ್ನಿಗೆ ಬರೋಣ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ದೌಲತಾಬಾದಿನ ದ್ರಾಕ್ಷಿ ವರ್ಷಕ್ಕೆ ಎರಡು ಸಲ ಫಲ ಕೊಡುತ್ತದೆ ಅಂತ ಬರೆದ. ಅದಕ್ಕೆ ಕಾರಣ ಇದೆ. ನಮ್ಮ ಕಡೆ ಬಳ್ಳಿ ಚಳಿಗೆ ನಿದ್ದೆ ಹೋಗುವುದಿಲ್ಲ. ಅದಕ್ಕೇ ಇವತ್ತಿಗೂ ಎರಡು ಚಾಟ್ನಿ ಮಾಡ್ತೀವಿ: ಏಪ್ರಿಲಿನಲ್ಲಿ ಕಡ್ಡಿಗಾಗಿ, ಅಕ್ಟೋಬರಿನಲ್ಲಿ ಹಣ್ಣಿಗಾಗಿ. ಕೊಯ್ಲು ಫೆಬ್ರವರಿ, ಮಾರ್ಚಿಗೆ. ಯುರೋಪಿನಲ್ಲಿ ತಡ ಅಂದರೆ ಚಳಿಯತ್ತ ಸಾಗುವುದು, ನಮ್ಮಲ್ಲಿ ಬಿಸಿಲಿನತ್ತ. ಅಲ್ಲಿ ಮಂಜು, ತೇವ, ಒಂದು ಬಗೆಯ ಬೂಷ್ಟು ಸೇರಿ ಹಣ್ಣಿನ ನೀರು ಹೀರುತ್ತವೆ. ಇಲ್ಲಿ ಆ ಕೆಲಸ ಒಣಹವೆಯದು. ಸಿಹಿ ಏರಿದಂತೆ ಹುಳಿ ಇಳಿಯುತ್ತದೆ, ಹುಳಿ ಇಲ್ಲದ ಸಿಹಿ ವೈನು ಬರೀ ಪಾಕ. ನಾಸಿಕದಲ್ಲಿ ಸುಲಾ, ರೆವೈಲೋ ಕಂಪನಿಗಳು ಲೇಟ್ ಹಾರ್ವೆಸ್ಟಿಗೆ ಶೆನಿನ್ ಬ್ಲಾಂಕ್ ತಳಿ ಆರಿಸಿಕೊಂಡದ್ದು ಇದಕ್ಕೆ ಹೊಂದುತ್ತದೆ, ಅದು ಹುಳಿಯನ್ನು ಬೇಗ ಬಿಟ್ಟುಕೊಡದ ತಳಿ. ಯೀಸ್ಟು ಸಕ್ಕರೆಯನ್ನೆಲ್ಲ ತಿಂದು ಮುಗಿಸುವ ಮೊದಲೇ ಟಾಕಿಯನ್ನು ತಣ್ಣಗೆ ಮಾಡಿ ಹುದುಗು ನಿಲ್ಲಿಸಿದರೆ ಸಿಹಿ ಉಳೀತದ. ಆ ತಂಪು ಬೇಕೆಂದರೆ ಯಂತ್ರ, ಕರೆಂಟು, ದುಡ್ಡು ಮೂರೂ ಬೇಕು.

ಹಾಗಾದರೆ ಕರಜಗಿಯಲ್ಲಿ ತಡವಾದ ದ್ರಾಕ್ಷಿ ಏನಾಗುತ್ತದೆ? ಮಣೂಕ ಆಗುತ್ತದೆ. ಮರಾಠಿಯಲ್ಲಿ ಬೇದಾಣೆ ಅಂತಾರೆ. ಸಿಹಿ 22 ಬ್ರಿಕ್ಸ್ ದಾಟುವ ತನಕ ಹಣ್ಣು ಬಳ್ಳಿಯಲ್ಲೇ ಇರಬೇಕು. ಆಮೇಲೆ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಬಲೆಯ ಮೇಲೆ ಹರವಿದರೆ ಸುಮಾರು ಹದಿನೈದು ದಿನಕ್ಕೆ ಒಣಗುತ್ತದೆ. 4 ಕೆಜಿ ಹಣ್ಣಿಗೆ ಹೆಚ್ಚುಕಡಿಮೆ 1 ಕೆಜಿ ಮಣೂಕ. ಹಣ್ಣು ಮಾಗಲು ಬಿಡುವುದು, ನೀರು ತೆಗೆದು ಸಿಹಿ ಉಳಿಸುವುದು: ಸಿಹಿ ವೈನಿನ ಅರ್ಧ ವಿದ್ಯೆ ಇಲ್ಲೇ ಇದೆ.

ಕಾಕಾನ ಮುಂದೆ ಈ ವೈನಿನ ವಿಚಾರ ಹೇಳಿದೆ. ನಕ್ಕು ಅಂದ: “ತಮ್ಮಾ, ತಡಾ ಮಾಡೂದು ಅಂದ್ರ ಸಾಲಾ ಮಾಡಿದಂಗ. ಒಂದೊಂದು ದಿನಾ ಮುಗಲು ನೋಡ್ಕೋತ ಕೂಡಬೇಕು.” 2014ರ ಫೆಬ್ರವರಿ ಕೊನೆ, ಮಾರ್ಚಿನ ಆಣೆಕಲ್ಲು ಮಳೆ ನೆನಪಿದ್ದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಬಾಟಲಿಯ ಮೇಲೆ ‘ತಡ’ ಅನ್ನುವುದು ಬೆಲೆ ಏರಿಸುವ ಪದ, ತೋಟದಲ್ಲಿ ಅದು ಬಡ್ಡಿ ಏರಿಸುವ ಪದ. ಕಾಕಾನಿಗೆ ಮಣೂಕ ಬೇಕಾಗುವುದು ಇದಕ್ಕೇ. ಹಸಿ ಹಣ್ಣು ಕಾಯುವುದಿಲ್ಲ, ಮಣೂಕ ಕೋಲ್ಡ್ ಸ್ಟೋರೇಜಿನಲ್ಲಿ ದರ ಬರುವ ತನಕ ಕಾಯುತ್ತದೆ.

ಈಗ ಮುಖ್ಯ ಪ್ರಶ್ನೆ. “ನಮ್ಮಲ್ಲಿ ವೈನಿನ ಪರಂಪರೆಯೇ ಇಲ್ಲ” ಅನ್ನುವುದು ಒಂದು ವಾದ. “ಮಾನಸೋಲ್ಲಾಸದಲ್ಲೇ ಪಾನಗೋಷ್ಠಿ ಇದೆಯಲ್ಲ” ಅನ್ನುವುದು ಅದಕ್ಕೆ ಉತ್ತರ. ಕಲ್ಯಾಣದ ಮೂರನೇ ಸೋಮೇಶ್ವರನ 12ನೇ ಶತಮಾನದ ಆ ಗ್ರಂಥ ಅರಮನೆಯ ಭೋಗ ಹೇಳುತ್ತದೆ, ಅದರಿಂದ ಒಕ್ಕಲಿಗನ ತೋಟ ಕಾಣುವುದಿಲ್ಲ. ಎರಡೂ ವಾದ ನನಗೆ ಸಾಲವು. ಮಣೂಕ ಮತ್ತು ಸಿಹಿ ವೈನನ್ನು ಬೇರೆ ಮಾಡಿದ್ದು ಬಿಸಿಲಲ್ಲ. ಕಾನೂನು, ಬಂಡವಾಳ, ನಮ್ಮ ಮನೆಗಳ ರೀತಿನೀತಿ ಸೇರಿ ಮಾಡಿದ್ದು. 1948ರಲ್ಲಿ ಅಕ್ಕಲಕೋಟ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಮರುವರ್ಷವೇ, 1949ರಲ್ಲಿ, ಮುಂಬಯಿ ಪಾನನಿಷೇಧ ಕಾಯ್ದೆ ಬಂತು. ದ್ರಾಕ್ಷಿ ಸಂಸ್ಕರಣೆಗೆ ಮಹಾರಾಷ್ಟ್ರ ನೀತಿ ಮಾಡಿದ್ದು 2001ರಲ್ಲಿ, ಕರ್ನಾಟಕ 2007ರಲ್ಲಿ. ಈಗ ನಮ್ಮ ಜಿಲ್ಲೆಯ ಅಕಲೂಜ ಕಡೆಯಲ್ಲೇ ಫ್ರಾತೆಲ್ಲಿ ವೈನರಿ ಇದೆ. ಆದರೂ ನಮ್ಮಂಥ ಸಣ್ಣ ರೈತರಿಗೆ ಅದು ಇನ್ನೊಂದು ಲೋಕ. ಬೇಕಾದ ತಳಿ ಬೇರೆ, ಒಪ್ಪಂದದ ಕೃಷಿ ಬೇರೆ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: “ರೈತರ ಜ್ಞಾನ ಅನ್ನೋದಕ್ಕೆ ಆಧಾರ ಏನು?” ಆಧಾರ ಬಳ್ಳಿಯಲ್ಲೇ ಇದೆ. ತಾಸ್-ಎ-ಗಣೇಶ್ ತಳಿ ಹುಟ್ಟಿದ್ದು ತಾಸಗಾಂವ ಕಡೆಯ ತೋಟದಲ್ಲಿ, ಸೋನಾಕಾ ಸೊಲ್ಲಾಪುರದ ನಾನ್ನಜ್‌ನಲ್ಲಿ. ಥಾಮ್ಸನ್ ಬಳ್ಳಿಗಳ ನಡುವೆ ಬೇರೆಯಾಗಿ ಕಂಡದ್ದನ್ನು ಗುರುತಿಸಿ ಬೆಳೆಸಿದವರು ರೈತರೇ. ಇದನ್ನೂ ನಾಳೆ ಯಾರಾದರೂ ಆಕಸ್ಮಿಕ ಅಂತ ಬರೆದಾರು.

ಅದಕ್ಕೇ ನನ್ನ ಕೋರಿಕೆ ಇಷ್ಟು. ಮಣೂಕ ಶೆಡ್ಡುಗಳಲ್ಲಿ ಯಾವ ದಿನ ಕೊಯ್ದರು, ಎಷ್ಟು ಬ್ರಿಕ್ಸ್, ಎಷ್ಟು ಇಳುವರಿ ಅಂತ ಬರೆದಿಟ್ಟ ನೋಟ್‌ಬುಕ್ಕುಗಳಿವೆ. ಲೆಕ್ಕ ಮುಗಿದ ಮೇಲೆ ರದ್ದಿಗೆ ಹೋಗ್ತಾವು. ಕನ್ನಡ, ಮರಾಠಿ ಎರಡೂ ಬೆರೆತ ಆ ಪುಟಗಳನ್ನು ನಾವು ದಾಖಲೆ ಅಂತ ಒಪ್ಪಬೇಕು, ಕೂಡಿಡಬೇಕು. ಈ ವರ್ಷ ಕಾಕಾನ ಮೂರು ನೋಟ್‌ಬುಕ್ಕಿನಿಂದ ಶುರು ಮಾಡಿದ್ದೀನಿ. ಇಷ್ಟು ಹೇಳಿ ಮುಗಿಸ್ತೀನಿ. ಪ್ರಶ್ನೆ ಇದ್ದರೆ ಕೇಳ್ರಿ.