ಮಾನವ ಹಕ್ಕುಗಳ ರಕ್ಷಣೆಗಾಗಿ ಸಂಘ-ಸಂಸ್ಥೆಗಳು ಆಡಳಿತದ ಮುಂದೆ ಅಹವಾಲು ಮಂಡಿಸುವ ಕ್ರಮ: ಸಾರ್ವಜನಿಕ ಮಾಹಿತಿ

1. ಪ್ರಸ್ತಾವನೆ

ಯಾವುದೇ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಇಲ್ಲವೆ ಪ್ರಾಧಿಕಾರಕ್ಕೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬ ವ್ಯಕ್ತಿಯೂ ಹಕ್ಕುಳ್ಳವರೆಂದು ಭಾರತ ಸಂವಿಧಾನದ 350ನೇ ಅನುಚ್ಛೇದವು ತಿಳಿಸುತ್ತದೆ. ಆದುದರಿಂದ ಕನ್ನಡದಲ್ಲಿ ಬರೆದ ಮನವಿಯನ್ನು ಸಲ್ಲಿಸುವುದು ಅಧಿಕಾರಿಯ ಔದಾರ್ಯವನ್ನು ಅವಲಂಬಿಸಿದ ವಿಷಯವಲ್ಲ. ಅದು ನಾಗರಿಕರ ಹಕ್ಕು.

ಮಾನವ ಹಕ್ಕುಗಳ ಕ್ಷೇತ್ರದಲ್ಲಿ ಕೆಲಸ ಮಾಡುವ ಸಂಘ-ಸಂಸ್ಥೆಗಳು, ವಕೀಲರ ಸಂಘಗಳು ಹಾಗೂ ಸ್ವಯಂಸೇವಾ ಸಂಸ್ಥೆಗಳು ಈ ಹಕ್ಕನ್ನೇ ಸಾಮೂಹಿಕವಾಗಿ ಬಳಸುತ್ತವೆ. ಸದರಿ ಸಂಸ್ಥೆಗಳು ಸರ್ಕಾರ, ವಿಧಾನಮಂಡಲ, ಆಯೋಗ ಮತ್ತು ನ್ಯಾಯಾಲಯಗಳ ಮುಂದೆ ವಿಷಯವನ್ನು ಹೇಗೆ ಮಂಡಿಸುತ್ತವೆ ಎಂಬುದನ್ನು ತಿಳಿದುಕೊಂಡಲ್ಲಿ, ಸಾಮಾನ್ಯ ಅರ್ಜಿದಾರರೂ ತಮ್ಮ ಅಹವಾಲನ್ನು ಪರಿಣಾಮಕಾರಿಯಾಗಿ ಸಲ್ಲಿಸಬಹುದಾಗಿದೆ. ಈ ಉದ್ದೇಶದಿಂದ ಧಾರವಾಡ ಭಾಗದ ಹಾಗೂ ರಾಜ್ಯದ ಕೆಲವು ನೈಜ ಪ್ರಕರಣಗಳ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಮೊದಲು ಗಮನಿಸಬೇಕಾದ ಅಂಶ

ಜಾತಿ ಪ್ರಮಾಣಪತ್ರ, ಪಹಣಿ, ಪಡಿತರ ಚೀಟಿ ಮುಂತಾದ ಸೇವೆ ವಿಳಂಬವಾದಲ್ಲಿ ಅದಕ್ಕೆ ಪ್ರತ್ಯೇಕ ಮಾರ್ಗವಿದೆ. ಸೇವೆಯು ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯಲ್ಲಿದ್ದರೆ, ನಿಗದಿತ ಅವಧಿ ಮೀರಿದ ನಂತರ ಅದರ ಅಡಿಯಲ್ಲಿಯೇ ಮೇಲ್ಮನವಿ ಸಲ್ಲಿಸತಕ್ಕದ್ದು. ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಸಮಾನತೆ ಅಥವಾ ಘನತೆಗೆ ಧಕ್ಕೆಯಾದ ಸಂದರ್ಭಗಳು ಮಾನವ ಹಕ್ಕುಗಳ ವಿಷಯವಾಗುತ್ತವೆ. ಎರಡನ್ನೂ ಒಂದೇ ಮನವಿಯಲ್ಲಿ ಬೆರೆಸಿದಲ್ಲಿ ಕಡತವು ಶಾಖೆಯಿಂದ ಶಾಖೆಗೆ ವರ್ಗವಾಗಿ ಕಾಲಹರಣವಾಗುತ್ತದೆ.

3. ಉದಾಹರಣೆ ಒಂದು: ಕುಸನೂರಿನ ಸಾಮೂಹಿಕ ಭೂಮಿ

1984ರಲ್ಲಿ ರಾಜ್ಯದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ವಲಯದ ಕಂಪನಿಯನ್ನು ಸ್ಥಾಪಿಸಲಾಯಿತು. ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮವು ಶೇ. 51ರಷ್ಟು ಹಾಗೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯು ಶೇ. 49ರಷ್ಟು ಪಾಲನ್ನು ಹೊಂದಿದ್ದವು. ಆಗಿನ ಧಾರವಾಡ ಜಿಲ್ಲೆಯೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿನ ಸುಮಾರು 30,000 ಹೆಕ್ಟೇರ್, ಅಂದರೆ ಅಂದಾಜು 75,000 ಎಕರೆ, ಸಿ ಮತ್ತು ಡಿ ವರ್ಗದ ಸರ್ಕಾರಿ ಭೂಮಿಯಲ್ಲಿ ನೀಲಗಿರಿ ಮುಂತಾದ ಮರಗಳನ್ನು ಕಾರ್ಖಾನೆಗಾಗಿ ಬೆಳೆಯುವುದು ಯೋಜನೆಯಾಗಿತ್ತು.

ದಾಖಲೆಯಲ್ಲಿ ಈ ಭೂಮಿ ಸರ್ಕಾರದ್ದಾಗಿದ್ದರೂ, ಬಳಕೆಯಲ್ಲಿ ಅದು ಊರವರದ್ದಾಗಿತ್ತು. ದನಕರುಗಳ ಮೇವು, ಒಲೆಯ ಉರುವಲು, ಕೃಷಿ ಉಪಕರಣಗಳಿಗೆ ಬೇಕಾದ ಕಟ್ಟಿಗೆ ಇವೆಲ್ಲವೂ ಅಲ್ಲಿಂದಲೇ ದೊರೆಯುತ್ತಿದ್ದವು. ಸ್ವಂತ ಜಮೀನಿಲ್ಲದ ಕುಟುಂಬಕ್ಕೆ ಈ ಬಯಲು ಕೈತಪ್ಪಿದರೆ, ಸಾಕಿದ ಒಂದೆರಡು ಕುರಿ, ಆಕಳುಗಳನ್ನೂ ಮಾರಬೇಕಾದ ಪರಿಸ್ಥಿತಿ ಒದಗುತ್ತಿತ್ತು. ಜೀವನೋಪಾಯದ ಹಕ್ಕು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ 1985ರಲ್ಲಿ ತೀರ್ಪು ನೀಡಿತ್ತು. ಆ ದೃಷ್ಟಿಯಿಂದ ನೋಡಿದಾಗ ಇದು ಕೇವಲ ಗಿಡಮರಗಳ ಪ್ರಶ್ನೆಯಾಗಿರಲಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಶ್ರೀ ಎಸ್.ಆರ್. ಹಿರೇಮಠ ಅವರ ನೇತೃತ್ವದಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡಿತು. ಸಂಸ್ಥೆಯು ಒಂದೇ ಬಾಗಿಲನ್ನು ತಟ್ಟಲಿಲ್ಲ. ಸರ್ಕಾರಕ್ಕೆ ಮನವಿಗಳು ಸಲ್ಲಿಕೆಯಾದವು. ಮಂಡಲ ಪಂಚಾಯಿತಿಗಳಲ್ಲಿ ವಿಷಯ ಚರ್ಚೆಗೆ ಬಂದಿತು. ಹಲವು ಶಾಸಕರು ಒಪ್ಪಂದವನ್ನು ರದ್ದುಪಡಿಸುವಂತೆ ಸರ್ಕಾರಕ್ಕೆ ಬರೆದರು. ಸಾಹಿತಿ ಡಾ. ಶಿವರಾಮ ಕಾರಂತ ಅವರೂ ಸಂಸ್ಥೆಯೊಡನೆ ಸೇರಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. 1987ರಲ್ಲಿ ನ್ಯಾಯಾಲಯವು ಯಥಾಸ್ಥಿತಿ ಕಾಪಾಡುವಂತೆ ಆದೇಶಿಸಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ (ಇದು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ) 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೂ ಜಾನುವಾರುಗಳಿಗೂ ಉಪಯುಕ್ತವಾದ ಸಸಿಗಳನ್ನು ಹಚ್ಚುವುದು ಇದರ ಸ್ವರೂಪವಾಗಿತ್ತು. ಅಂತಿಮವಾಗಿ 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು.

ಇದೇ ಸಂಸ್ಥೆಯು ಬಳ್ಳಾರಿ ಭಾಗದ ಅಕ್ರಮ ಗಣಿಗಾರಿಕೆಯ ಕುರಿತು ಸಲ್ಲಿಸಿದ 2009ರ ರಿಟ್ ಅರ್ಜಿ ಸಂಖ್ಯೆ 562ರಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿ, 2013ರ ಏಪ್ರಿಲ್ 18ರಂದು ತೀರ್ಪು ನೀಡಿತು. ಕೇಂದ್ರ ಉನ್ನತಾಧಿಕಾರ ಸಮಿತಿಯ ಸ್ಥಳ ಪರಿಶೀಲನಾ ವರದಿಗಳು ಈ ತೀರ್ಪಿಗೆ ಮುಖ್ಯ ಆಧಾರವಾದವು.

4. ಉದಾಹರಣೆ ಎರಡು: ಧಾರವಾಡದ ಉಚ್ಚ ನ್ಯಾಯಾಲಯ ಪೀಠ

ನ್ಯಾಯ ಪಡೆಯುವ ಹಕ್ಕು ದೂರದ ಕಾರಣದಿಂದಲೂ ಕುಂಠಿತವಾಗಬಹುದು. ಹುಬ್ಬಳ್ಳಿ-ಧಾರವಾಡದಿಂದ ಬೆಂಗಳೂರು 400 ಕಿಲೋಮೀಟರಿಗೂ ಹೆಚ್ಚು ದೂರವಿದೆ. ಒಂದು ದಿನದ ವಿಚಾರಣೆಗಾಗಿ ಕಕ್ಷಿದಾರರು ರಾತ್ರಿ ಪ್ರಯಾಣ, ವಸತಿ ಹಾಗೂ ಕೂಲಿಯ ನಷ್ಟವನ್ನು ಭರಿಸಬೇಕಾಗಿತ್ತು. ಉತ್ತರ ಕರ್ನಾಟಕದ ವಕೀಲರ ಸಂಘಗಳು ಪೀಠ ಸ್ಥಾಪನೆಗಾಗಿ ದೀರ್ಘ ಕಾಲ ಹೋರಾಟ ನಡೆಸಿದವು.

ಇಲ್ಲಿ ಗಮನಿಸಬೇಕಾದುದು ಅಧಿಕಾರ ಯಾರಲ್ಲಿದೆ ಎಂಬ ಅಂಶ. ರಾಜ್ಯಗಳ ಪುನರ್‌ವಿಂಗಡಣಾ ಅಧಿನಿಯಮ, 1956ರ 51ನೇ ಪ್ರಕರಣದ ಪ್ರಕಾರ, ಖಾಯಂ ಪೀಠವನ್ನು ರಾಷ್ಟ್ರಪತಿಗಳು ರಾಜ್ಯಪಾಲರು ಹಾಗೂ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ಸ್ಥಾಪಿಸಬೇಕು. ಆದರೆ ನ್ಯಾಯಮೂರ್ತಿಗಳು ಬೇರೆ ಸ್ಥಳದಲ್ಲಿ ಕಲಾಪ ನಡೆಸಲು ರಾಜ್ಯಪಾಲರ ಅನುಮೋದನೆಯೊಂದಿಗೆ ಮುಖ್ಯ ನ್ಯಾಯಮೂರ್ತಿಗಳೇ ಸ್ಥಳ ನಿಗದಿಪಡಿಸಬಹುದು. ಅಂದರೆ ರಾಜ್ಯ ಸರ್ಕಾರವೊಂದನ್ನೇ ಒತ್ತಾಯಿಸಿದರೆ ಸಾಲುತ್ತಿರಲಿಲ್ಲ. 2008ರ ಜುಲೈ 4ರಂದು ಸಂಚಾರಿ ಪೀಠವು ಉದ್ಘಾಟನೆಗೊಂಡಿತು. 2013ರ ಆಗಸ್ಟ್‌ನಲ್ಲಿ ಅದು ಖಾಯಂ ಪೀಠವಾಯಿತು. ಧಾರವಾಡ, ಬೆಳಗಾವಿ, ಹಾವೇರಿ, ಗದಗ, ಬಾಗಲಕೋಟೆ, ಉತ್ತರ ಕನ್ನಡ, ಕೊಪ್ಪಳ ಮತ್ತು ಬಳ್ಳಾರಿ ಭಾಗದ ಕಕ್ಷಿದಾರರಿಗೆ ಇದರಿಂದ ಅನುಕೂಲವಾಗಿದೆ.

5. ಉದಾಹರಣೆ ಮೂರು: 2021ರ ನೇಮಕಾತಿ ನಿಯಮ ತಿದ್ದುಪಡಿ

ಲಿಂಗತ್ವ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ಕುರಿತು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯ ಕರ್ನಾಟಕ ಘಟಕವು 2001 ಮತ್ತು 2003ರಲ್ಲಿ ವರದಿಗಳನ್ನು ಪ್ರಕಟಿಸಿತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗಿಗಳ ಹಕ್ಕುಗಳನ್ನು ಮಾನ್ಯ ಮಾಡಿತು. ರಾಜ್ಯ ಸರ್ಕಾರವು 2017ರಲ್ಲಿ ಈ ಸಂಬಂಧ ನೀತಿಯೊಂದನ್ನು ರೂಪಿಸಿತು. ಆದಾಗ್ಯೂ ಪೊಲೀಸ್ ನೇಮಕಾತಿಯ ಅಧಿಸೂಚನೆಯೊಂದರಲ್ಲಿ ಪುರುಷ ಮತ್ತು ಮಹಿಳೆ ಎಂಬ ಎರಡೇ ಆಯ್ಕೆಗಳಿದ್ದುದರಿಂದ, ಬೆಂಗಳೂರಿನ 'ಸಂಗಮ' ಸಂಸ್ಥೆಯು ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆ ಹೋಯಿತು.

ಪ್ರಕರಣವು ವಿಚಾರಣೆಯಲ್ಲಿರುವಾಗಲೇ ಸರ್ಕಾರವು ಸಾಮಾನ್ಯ ನೇಮಕಾತಿ ನಿಯಮಗಳು, 1977ಕ್ಕೆ ಕರಡು ತಿದ್ದುಪಡಿ ಪ್ರಕಟಿಸಿ, ಆಕ್ಷೇಪಣೆ ಹಾಗೂ ಸಲಹೆಗಳನ್ನು ಆಹ್ವಾನಿಸಿತು. 2021ರ ಜುಲೈನಲ್ಲಿ ಹೊರಡಿಸಿದ ಅಂತಿಮ ಅಧಿಸೂಚನೆಯಂತೆ ರಾಜ್ಯ ಸಿವಿಲ್ ಸೇವೆಗಳ ನೇರ ನೇಮಕಾತಿಯಲ್ಲಿ ಪ್ರತಿ ಪ್ರವರ್ಗದಲ್ಲಿಯೂ ಶೇ. 1ರಷ್ಟು ಹುದ್ದೆಗಳನ್ನು ತೃತೀಯ ಲಿಂಗಿಗಳಿಗೆ ಮೀಸಲಿಡಲಾಯಿತು. ಇಂತಹ ಕ್ರಮ ಕೈಗೊಂಡ ಮೊದಲ ರಾಜ್ಯ ಕರ್ನಾಟಕವಾಗಿದೆ.

6. ಈ ಪ್ರಕರಣಗಳಿಂದ ತಿಳಿದುಬರುವ ಅಂಶಗಳು

ಅ) ವಿಷಯವನ್ನು ನಿರ್ಧರಿಸುವ ಅಧಿಕಾರವಿರುವ ಪ್ರಾಧಿಕಾರವನ್ನೇ ಸಂಪರ್ಕಿಸಲಾಗಿದೆ.
ಆ) ದಾಖಲೆ ಮೊದಲು, ಒತ್ತಾಯ ನಂತರ. ಸರ್ವೆ ನಂಬರು, ಆದೇಶದ ಸಂಖ್ಯೆ, ಘಟನೆಯ ದಿನಾಂಕ ಇವುಗಳಿಲ್ಲದ ಮನವಿಯ ಮೇಲೆ ಟಿಪ್ಪಣಿ ಮಂಡಿಸುವುದು ಕಚೇರಿಗೆ ಕಷ್ಟಸಾಧ್ಯ.
ಇ) ಕೋರಿಕೆ ಸ್ಪಷ್ಟವಾಗಿದೆ. "ಸೂಕ್ತ ಕ್ರಮ ಕೈಗೊಳ್ಳಿ" ಎಂಬುದಕ್ಕಿಂತ "ಇಂತಹ ಒಪ್ಪಂದವನ್ನು ರದ್ದುಪಡಿಸಿ", "ಇಂತಹ ನಿಯಮವನ್ನು ತಿದ್ದುಪಡಿ ಮಾಡಿ" ಎಂಬ ಕೋರಿಕೆಗೆ ಉತ್ತರ ನೀಡಲೇಬೇಕಾಗುತ್ತದೆ.
ಈ) ದೀರ್ಘ ಕಾಲ ಹಿಡಿದಿದೆ. ಕುಸನೂರಿನ ಪ್ರಕರಣಕ್ಕೆ ಸುಮಾರು ಏಳು ವರ್ಷಗಳು ಬೇಕಾದವು. ಅಷ್ಟು ಕಾಲ ವಿಷಯವನ್ನು ಜೀವಂತವಾಗಿರಿಸಿದ್ದು ಊರವರ ಒಗ್ಗಟ್ಟು ಮತ್ತು ಜೋಪಾನವಾಗಿಟ್ಟ ಕಾಗದಪತ್ರಗಳು.

7. ಯಾರನ್ನು ಸಂಪರ್ಕಿಸಬೇಕು?

ಸಂಬಂಧಪಟ್ಟ ಇಲಾಖೆ: ಮೊದಲ ಮನವಿಯನ್ನು ಇಲ್ಲಿಯೇ ಸಲ್ಲಿಸತಕ್ಕದ್ದು. ಮುಂದೆ ನಿರ್ದೇಶನ ಕೋರಿ ರಿಟ್ ಅರ್ಜಿ ಸಲ್ಲಿಸಬೇಕಾದಲ್ಲಿ, ಪ್ರಾಧಿಕಾರಕ್ಕೆ ಮೊದಲೇ ಮನವಿ ನೀಡಲಾಗಿತ್ತೇ ಎಂದು ನ್ಯಾಯಾಲಯವು ಸಾಮಾನ್ಯವಾಗಿ ಪರಿಶೀಲಿಸುತ್ತದೆ.

ಸಾರ್ವಜನಿಕ ಮಾಹಿತಿ ಅಧಿಕಾರಿ: ದಾಖಲೆಗಳಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ, ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಲ್ಲಿ 48 ಗಂಟೆಗಳೊಳಗೆ, ಮಾಹಿತಿ ನೀಡಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ.

ವಿಧಾನಮಂಡಲ: ಕಾನೂನು ಅಥವಾ ನೀತಿಯ ಬದಲಾವಣೆ ಬೇಕಾದಲ್ಲಿ ಕ್ಷೇತ್ರದ ಶಾಸಕರ ಮೂಲಕ ಪ್ರಶ್ನೆ ಎತ್ತಿಸಬಹುದು. ಸದನದ ಅರ್ಜಿಗಳ ಸಮಿತಿಯೂ ಇದೆ.

ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ: ಸಾರ್ವಜನಿಕ ನೌಕರರಿಂದ ಹಕ್ಕಿನ ಉಲ್ಲಂಘನೆ ಅಥವಾ ಅದನ್ನು ತಡೆಯುವಲ್ಲಿ ನಿರ್ಲಕ್ಷ್ಯ ಉಂಟಾದಲ್ಲಿ ದೂರು ನೀಡಬಹುದು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಧಾರವಾಡ: ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಹಾಗೂ ಅಭಿರಕ್ಷೆಯಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ: 15100.

8. ಆಯೋಗಕ್ಕೆ ದೂರು ಸಲ್ಲಿಸುವ ಕುರಿತು

ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮ, 1993ರ 12ನೇ ಪ್ರಕರಣದಂತೆ ನೊಂದ ವ್ಯಕ್ತಿಯಾಗಲಿ, ಅವರ ಪರವಾಗಿ ಬೇರೆ ಯಾವುದೇ ವ್ಯಕ್ತಿಯಾಗಲಿ ದೂರು ನೀಡಬಹುದು. ಸಂಘ-ಸಂಸ್ಥೆಗಳು ಓದು ಬರಹ ಬಾರದವರ, ಬಂಧನದಲ್ಲಿರುವವರ ಪರವಾಗಿ ಆಯೋಗದ ಮುಂದೆ ಬರಲು ಇದೇ ಆಧಾರ. ಮಾನವ ಹಕ್ಕುಗಳ ಕ್ಷೇತ್ರದ ಸರ್ಕಾರೇತರ ಸಂಸ್ಥೆಗಳ ಪ್ರಯತ್ನಗಳನ್ನು ಪ್ರೋತ್ಸಾಹಿಸುವುದೂ ಅದೇ ಪ್ರಕರಣದಲ್ಲಿ ಆಯೋಗದ ಕರ್ತವ್ಯಗಳಲ್ಲೊಂದಾಗಿ ಸೇರಿದೆ. ದೂರಿಗೆ ಶುಲ್ಕವಿರುವುದಿಲ್ಲ.

ಈ ಕೆಳಕಂಡ ಮಿತಿಗಳನ್ನು ಗಮನದಲ್ಲಿಡತಕ್ಕದ್ದು:

• ಘಟನೆ ನಡೆದ ದಿನಾಂಕದಿಂದ ಒಂದು ವರ್ಷ ಕಳೆದ ನಂತರ ಆಯೋಗವು ವಿಚಾರಣೆ ನಡೆಸುವಂತಿಲ್ಲ (36ನೇ ಪ್ರಕರಣ). ಕಚೇರಿಯಿಂದ ಉತ್ತರ ಬರಲೆಂದು ಕಾಯುತ್ತಾ ಈ ಅವಧಿ ಮೀರುವ ಸಂಭವವಿರುವುದರಿಂದ ವಿಶೇಷ ಎಚ್ಚರಿಕೆ ವಹಿಸುವುದು.
• ಬೇರೊಂದು ಆಯೋಗದ ಮುಂದೆ ಈಗಾಗಲೇ ಇರುವ ವಿಷಯವನ್ನು ರಾಜ್ಯ ಆಯೋಗವು ಕೈಗೆತ್ತಿಕೊಳ್ಳುವುದಿಲ್ಲ.
• ಆಯೋಗವು ಸಾಕ್ಷಿಗಳನ್ನು ಕರೆಸಬಹುದು, ದಾಖಲೆ ತರಿಸಬಹುದು. ವಿಚಾರಣೆಯ ನಂತರ ಪರಿಹಾರ ಅಥವಾ ಕ್ರಮಕ್ಕಾಗಿ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ಸರ್ಕಾರವು ಒಂದು ತಿಂಗಳೊಳಗೆ ಅಥವಾ ಆಯೋಗ ನೀಡುವ ಹೆಚ್ಚಿನ ಅವಧಿಯೊಳಗೆ ತನ್ನ ಅಭಿಪ್ರಾಯವನ್ನೂ ಕೈಗೊಂಡ ಕ್ರಮವನ್ನೂ ತಿಳಿಸಬೇಕು (18ನೇ ಪ್ರಕರಣ).

9. ಅರ್ಜಿದಾರರಿಗೆ ಸೂಚನೆಗಳು

ಮನವಿಯಲ್ಲಿ ಹೆಸರು, ಪೂರ್ಣ ವಿಳಾಸ, ಘಟನೆಯ ದಿನಾಂಕ, ಸ್ಥಳ, ಸಂಬಂಧಪಟ್ಟ ಅಧಿಕಾರಿಯ ಪದನಾಮ ಹಾಗೂ ಕೋರಿಕೆಯನ್ನು ನಮೂದಿಸುವುದು. ಮೂಲ ದಾಖಲೆಗಳನ್ನು ತಮ್ಮಲ್ಲಿಯೇ ಇರಿಸಿಕೊಂಡು ನಕಲುಗಳನ್ನು ಮಾತ್ರ ಲಗತ್ತಿಸುವುದು. ಟಪಾಲು ಶಾಖೆಯಲ್ಲಿ ಮನವಿಯ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆಯನ್ನು ಪಡೆಯುವುದು. ಅಂಚೆಯ ಮೂಲಕವಾದರೆ ಅಂಚೆ ರಸೀದಿಯನ್ನು ಕಾಯ್ದಿರಿಸುವುದು. ಮನವಿ ತಿರಸ್ಕೃತವಾದಲ್ಲಿ ಕಾರಣಸಹಿತ ಹಿಂಬರಹವನ್ನು ಲಿಖಿತವಾಗಿ ಕೇಳಿ ಪಡೆಯುವುದು. ಮಧ್ಯವರ್ತಿಗಳಿಗೆ ಹಣ ನೀಡುವ ಅವಶ್ಯಕತೆ ಇರುವುದಿಲ್ಲ.

ಬಾಯಿಮಾತಿನಲ್ಲಿ ಹೇಳಿದ ದೂರಿಗೆ ಅಧಿಕಾರಿಯ ವರ್ಗಾವಣೆಯೊಂದಿಗೆ ಕೊನೆಯುಂಟು. ಮೊಹರು ಬಿದ್ದ ಮನವಿಯು ಕಡತದಲ್ಲಿ ಉಳಿಯುತ್ತದೆ ಮತ್ತು ಮುಂದೆ ಆಯೋಗದಲ್ಲಿಯೂ ನ್ಯಾಯಾಲಯದಲ್ಲಿಯೂ ಅರ್ಜಿದಾರರ ಪರವಾಗಿ ಸಾಕ್ಷ್ಯವಾಗುತ್ತದೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.