28 ಮಾತ್ರೆ, ಮೂರು ತಿಂಗಳ ಪಥ್ಯ

ನಮ್ಮ ಮಲೆನಾಡಿನ ಕಡೆ ಯಾವ ಔಷಧಿ ತಗೊಂಡರೂ ಮೊದಲು ಕೇಳುವ ಪ್ರಶ್ನೆ, "ಪಥ್ಯ ಏನು?" ಕಾಮಾಲೆಗೆ ನಾಟಿ ಔಷಧಿ ಕೊಡುವವರೂ ಅಷ್ಟೇ, ಔಷಧಿ ಒಂದು ನಿಮಿಷದಲ್ಲಿ ಕೊಡ್ತಾರೆ, ಪಥ್ಯ ಹತ್ತು ನಿಮಿಷ ಹೇಳ್ತಾರೆ. ಆದರೆ ಒಂದು ಇಂಗ್ಲಿಷ್ ಔಷಧಿಯ ವಿಷಯದಲ್ಲಿ ಮಾತ್ರ ಮಾತ್ರೆಯ ಕಥೆಯನ್ನು ಎಲ್ಲರೂ ಹೇಳ್ತಾರೆ, ಪಥ್ಯ ಬಂದ ಕೂಡಲೇ ತಲೆ ತಗ್ಗಿಸಿ ಸುಮ್ಮನಾಗ್ತಾರೆ. ಅದು ಎಚ್‌ಐವಿ ತಗುಲಿರಬಹುದು ಎಂಬ ಅನುಮಾನ ಬಂದಾಗ ತಗೊಳ್ಳುವ ಮುಂಜಾಗ್ರತೆಯ ಮಾತ್ರೆ. ಡಾಕ್ಟರುಗಳ ಭಾಷೆಯಲ್ಲಿ ಪಿಇಪಿ, ಬಾಯಿಮಾತಿನಲ್ಲಿ ಪೆಪ್. ಅದರ ಪಥ್ಯ ಕಾಂಡೋಮ್. ಇವತ್ತು ಎರಡರ ಚರಿತ್ರೆಯನ್ನೂ ಒಟ್ಟಿಗೆ ಬರೆಯೋಣ ಅಂತ ಕೂತಿದ್ದೀನಿ.

ಸುಲಭವಾಗಲಿ ಅಂತ ಒಬ್ಬರನ್ನು ಊಹಿಸಿಕೊಳ್ಳಿ. ಭದ್ರಾವತಿಯ ಮನೆಯಿಂದ ಶಿವಮೊಗ್ಗದ ಆಸ್ಪತ್ರೆಗೆ ದಿನಾ ಬಸ್ಸಿನಲ್ಲಿ ಓಡಾಡುವ ಒಬ್ಬ ಸ್ಟಾಫ್ ನರ್ಸ್. ಗಂಡ, ಇಬ್ಬರು ಮಕ್ಕಳು. ರಾತ್ರಿ ಡ್ಯೂಟಿಯಲ್ಲಿ ರೋಗಿಯೊಬ್ಬರ ರಕ್ತ ತೆಗೆದ ಸೂಜಿ ಅವರ ಬೆರಳಿಗೆ ಚುಚ್ಚುತ್ತದೆ. ರೋಗಿಗೆ ಎಚ್‌ಐವಿ ಇದೆ. ಇಂಥ ಒಂದು ಚುಚ್ಚುವಿಕೆಯಿಂದ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 0.3, ಅಂದರೆ ಸಾವಿರಕ್ಕೆ ಮೂರು. ಕಡಿಮೆಯೇ. ಆದರೆ ಬೆರಳು ನಮ್ಮದಾದಾಗ ಸಾವಿರಕ್ಕೆ ಮೂರು ಅನ್ನೋದು ಕಡಿಮೆ ಅನಿಸೋದಿಲ್ಲ.

ಈ ಚುಚ್ಚಿದ ಬೆರಳುಗಳಿಂದಲೇ ಪೆಪ್ ಹುಟ್ಟಿದ್ದು. ಮೊದಲ ಎಚ್‌ಐವಿ ಔಷಧಿ ಎಝಡ್‌ಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಚುಚ್ಚಿದ ತಕ್ಷಣ ಇದನ್ನೇ ಕೊಟ್ಟರೆ ಸೋಂಕು ತಡೆಯಬಹುದೇ ಅಂತ ಅಲ್ಲಿನ ಕಂಪನಿ ಆರೋಗ್ಯ ಸಿಬ್ಬಂದಿಯ ಮೇಲೆ ಪರೀಕ್ಷೆ ಶುರು ಮಾಡಿತು. ಅರ್ಧ ಜನಕ್ಕೆ ಔಷಧಿ, ಇನ್ನರ್ಧಕ್ಕೆ ಬರೀ ಹುಸಿ ಮಾತ್ರೆ. ಅದಕ್ಕೆ ಸೇರುವವರೇ ಸಾಕಷ್ಟು ಸಿಗದೆ ಪರೀಕ್ಷೆ ನಿಂತುಹೋಯಿತು. ಸೂಜಿ ಚುಚ್ಚಿಸಿಕೊಂಡವರು ಹುಸಿ ಮಾತ್ರೆಗೆ ಯಾಕೆ ಒಪ್ಪಿಯಾರು, ಹೇಳಿ? ಕೊನೆಗೆ ಬೇರೆ ದಾರಿ ಹಿಡಿದರು. ಅಮೆರಿಕ, ಫ್ರಾನ್ಸ್, ಇಟಲಿ, ಬ್ರಿಟನ್‌ಗಳಲ್ಲಿ ಸೂಜಿ ಚುಚ್ಚಿ ಸೋಂಕು ತಗುಲಿದ 33 ಸಿಬ್ಬಂದಿಯನ್ನೂ, ಚುಚ್ಚಿದರೂ ತಗುಲದ 665 ಮಂದಿಯನ್ನೂ ಹೋಲಿಸಿ ನೋಡಿದರು. 1997ರಲ್ಲಿ ಉತ್ತರ ಬಂತು. ಎಝಡ್‌ಟಿ ತಗೊಂಡವರಲ್ಲಿ ಅಪಾಯ ಸುಮಾರು ಶೇ. 81ರಷ್ಟು ಕಡಿಮೆಯಾಗಿತ್ತು.

ಇನ್ನು ಎಷ್ಟು ಬೇಗ, ಎಷ್ಟು ದಿನ? ಇದಕ್ಕೆ ಮುಖ್ಯ ಸುಳಿವು ಸಿಕ್ಕಿದ್ದು 1990ರ ದಶಕದಲ್ಲಿ ಕೋತಿಗಳ ಮೇಲೆ ನಡೆದ ಪ್ರಯೋಗಗಳಿಂದ. 24 ಗಂಟೆಯೊಳಗೆ ಶುರು ಮಾಡಿ 28 ದಿನ ಕೊಟ್ಟರೆ ಕೋತಿಗಳು ಉಳಿದವು. 48, 72 ಗಂಟೆ ತಡವಾದರೆ, ಇಲ್ಲವೇ 3 ದಿನ, 10 ದಿನಕ್ಕೇ ನಿಲ್ಲಿಸಿದರೆ ರಕ್ಷಣೆ ಅಷ್ಟು ಸಿಗಲಿಲ್ಲ. ಈಗ ಡಾಕ್ಟರುಗಳು ಹೇಳುವ "ಸಾಧ್ಯವಾದರೆ ಎರಡು ಗಂಟೆಯೊಳಗೆ, ಯಾವ ಕಾರಣಕ್ಕೂ 72 ಗಂಟೆ ದಾಟಬೇಡಿ, 28 ದಿನ ತಪ್ಪಿಸಬೇಡಿ" ಅನ್ನುವ ಮಾತಿನ ಹಿಂದೆ ಆ ಕೋತಿಗಳಿವೆ. 2005ರಲ್ಲಿ ಅಮೆರಿಕದ ಸಿಡಿಸಿ ಸಂಸ್ಥೆ ಆಸ್ಪತ್ರೆಯ ಹೊರಗಿನ ಅಪಾಯಗಳಿಗೂ, ಅಂದರೆ ಲೈಂಗಿಕ ಸಂಪರ್ಕ, ಅತ್ಯಾಚಾರ ಇವುಗಳಿಗೂ ಈ ಮಾತ್ರೆಯ ಸಲಹೆ ಕೊಟ್ಟಿತು.

ಮಾತ್ರೆ ನಮ್ಮೂರಿಗೆ ಬಂದದ್ದು ಬೆಲೆ ಇಳಿದಾಗ. ಒಂದು ಕಾಲಕ್ಕೆ ವರ್ಷಕ್ಕೆ ಸಾವಿರಾರು ಡಾಲರ್ ಆಗುತ್ತಿದ್ದ ಮೂರು ಔಷಧಿಗಳ ಚಿಕಿತ್ಸೆಯನ್ನು 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ 350 ಡಾಲರಿಗೆ ಕೊಡ್ತೀವಿ ಅಂದಿತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲೂ ದೆಹಲಿಯಲ್ಲೂ ಉಚಿತ ಎಆರ್‌ಟಿ ಶುರು ಮಾಡಿತು. ಆ ಆರರಲ್ಲಿ ಕರ್ನಾಟಕವೂ ಒಂದು. ಆಮೇಲೆ ಜಿಲ್ಲಾ ಆಸ್ಪತ್ರೆಗಳಿಗೂ ಕೇಂದ್ರಗಳು ಬಂದವು. ಶಿವಮೊಗ್ಗದ ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಯಲ್ಲೂ ಎಆರ್‌ಟಿ ಕೇಂದ್ರ ಬಂತು. ಈಗಿನ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ಪೆಪ್ ಅಂದರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದು ಮಾತ್ರೆ. ಒಟ್ಟು 28.

ಮಾತ್ರೆಯ ಕಥೆ ಇಷ್ಟು. ಈಗ ಪಥ್ಯದ್ದು, ಇದು ಇನ್ನೂ ಹಳೇದು.

ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಕೊಟ್ಟ ಮೊದಲ ಜಾಗಗಳಲ್ಲಿ ನಮ್ಮ ಮೈಸೂರು ಸಂಸ್ಥಾನ ಒಂದು. ಅದು 1930ರಲ್ಲಿ. ಶಿವಮೊಗ್ಗ ಜಿಲ್ಲೆ ಆಗ ಆ ಸಂಸ್ಥಾನದ್ದೇ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿ ಏಳೇ ವರ್ಷ. 1968ರಲ್ಲಿ ಕೇಂದ್ರ ಸರ್ಕಾರ ನಿರೋಧ್ ತಂದಿತು. ಮೂರಕ್ಕೆ ಹದಿನೈದು ಪೈಸೆ! ಚಹಾ, ಸೋಪು, ಸಿಗರೇಟು, ಬ್ಯಾಟರಿ ಮಾರುವ ಕಂಪನಿಗಳ ವ್ಯಾನುಗಳಲ್ಲೇ ಅದೂ ಹಳ್ಳಿಯ ಅಂಗಡಿಗಳಿಗೆ ಹೋಯಿತು. ಮುಂದಿನ ವರ್ಷದಿಂದ ತಿರುವನಂತಪುರದ ಹಿಂದೂಸ್ತಾನ್ ಲೇಟೆಕ್ಸ್ ಕಾರ್ಖಾನೆಯಲ್ಲಿ ಇಲ್ಲೇ ತಯಾರಾಗತೊಡಗಿತು. ಗೋಡೆಗಳ ಮೇಲೆ ಕೆಂಪು ತ್ರಿಕೋನ, ಪಕ್ಕದಲ್ಲಿ "ನಾವಿಬ್ಬರು, ನಮಗಿಬ್ಬರು". ಹೀಗೆ ನಿರೋಧ್ ಅಂದರೆ ಮಕ್ಕಳಾಗದಿರಲು ಅನ್ನುವ ಅರ್ಥ ಗಟ್ಟಿಯಾಯಿತು. ಆದರೆ ಮನೆಗಳಲ್ಲಿ ಗೆದ್ದದ್ದು ಅದಲ್ಲ, ಹೆಂಗಸರ ಆಪರೇಷನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ (15ರಿಂದ 49 ವಯಸ್ಸಿನವರು) ನೂರಕ್ಕೆ 57 ಮಂದಿಯದು ಸಂತಾನಹರಣ ಚಿಕಿತ್ಸೆ. ಕಾಂಡೋಮ್ ಬೆರಳೆಣಿಕೆಯಷ್ಟು.

ಎರಡನೇ ಅರ್ಥ ಬಂದದ್ದು ಏಡ್ಸ್ ಜೊತೆ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನಿತಿ ಸೊಲೊಮನ್ ಅವರ ತಂಡ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆ ಹಚ್ಚಿತು. 2003ರ ನಂತರ ಆವಾಹನ್ ಯೋಜನೆಯ ಹಣ ಬಂತು, ಲೈಂಗಿಕ ಕಾರ್ಯಕರ್ತೆಯರ ನಡುವೆ, ಲಾರಿ ಚಾಲಕರ ನಡುವೆ ಕೆಲಸ ನಡೆಯಿತು. ಕರ್ನಾಟಕದಲ್ಲಿ ಇದರ ಪರಿಣಾಮ ಅಳೆದ ಐದು ಜಿಲ್ಲೆಗಳಲ್ಲಿ ಶಿವಮೊಗ್ಗವೂ ಒಂದು, ಉಳಿದವು ಬೆಂಗಳೂರು, ಬೆಳಗಾವಿ, ಬಳ್ಳಾರಿ, ಮೈಸೂರು. 2008ರಲ್ಲಿ "ಕಾಂಡೋಮ್ ಕಾಂಡೋಮ್" ಅಂತ ಹಾಡುವ ಮೊಬೈಲ್ ರಿಂಗ್‌ಟೋನ್ ಬಂದದ್ದು ನೆನಪಿದೆಯಾ? ಮುಜುಗರ ಹೋಗಲಿ ಅಂತ ಮಾಡಿದ್ದು ಅದು. ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ನಿಜಕ್ಕೂ ಏರಿತು, ಸೋಂಕು ಇಳಿಯಿತು. ಏರದೆ ಹಿಂದುಳಿದದ್ದು ಗಂಡನ ಜೊತೆ, ಜೊತೆಗೆ ಬಾಳುವ ಗೆಳೆಯನ ಜೊತೆ. ನಂಬಿಕೆ ಇರುವ ಕಡೆ ಕಾಂಡೋಮ್ ಯಾಕೆ ಅನ್ನೋದು ಅಲ್ಲಿನ ಲೆಕ್ಕ.

ಹೀಗೆ ಎಂಬತ್ತು ತೊಂಬತ್ತು ವರ್ಷಗಳಲ್ಲಿ ನಾವು ಕಾಂಡೋಮಿಗೆ ಎರಡೇ ಅರ್ಥ ಕಲಿತೆವು. ಒಂದು, ಮಕ್ಕಳು ಬೇಡ. ಇನ್ನೊಂದು, ನಿನ್ನ ಮೇಲೆ ನಂಬಿಕೆ ಇಲ್ಲ. ಆ ನರ್ಸ್ 28 ಮಾತ್ರೆಯ ಡಬ್ಬಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದರೆ ಈ ಎರಡೂ ಅರ್ಥ ಬಾಗಿಲಲ್ಲೇ ಕಾಯುತ್ತಿರುತ್ತವೆ. "ರೀ, ಮೂರು ತಿಂಗಳು ನಾವು ಹುಷಾರಾಗಿರಬೇಕಂತೆ" ಅಂದರೆ, "ನಿನಗೆ ಆಪರೇಷನ್ ಆಗಿದೆಯಲ್ಲ, ಮತ್ತೆ ಇದ್ಯಾಕೆ?" ಅನ್ನುವ ಪ್ರಶ್ನೆ. ಅದು ಮುಗಿದರೆ ಅದಕ್ಕಿಂತ ಕಷ್ಟದ ಇನ್ನೊಂದು ಪ್ರಶ್ನೆ. ಅದಕ್ಕೆ ಹೆದರಿ ಎಷ್ಟೋ ಜನ ಹೇಳದೇ ಇರಬಹುದು. ಅಪಾಯ ಇರೋದು ಅಲ್ಲೇ.

ಯಾಕೆ ಅಂದರೆ, ಪೆಪ್ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ನೂರಕ್ಕೆ ನೂರು ಅಲ್ಲ. ಅಕಸ್ಮಾತ್ ಸೋಂಕು ತಗುಲಿಬಿಟ್ಟಿದ್ದರೆ ಮೊದಲ ಕೆಲವು ವಾರ ರಕ್ತದಲ್ಲಿ ವೈರಸ್ ತುಂಬಾ ಹೆಚ್ಚಿರಬಹುದು, ಅದೇ ಹೊತ್ತಿಗೆ ಟೆಸ್ಟಿನಲ್ಲಿ ಇನ್ನೂ ಕಾಣದೇ ಇರಬಹುದು. ಅಂದರೆ ನನಗೇ ಗೊತ್ತಿಲ್ಲದೆ ಮನೆಯವರಿಗೆ ದಾಟಿಸುವ ಕಾಲ ಅದು. ಮಾತ್ರೆ ಕಾಯುವುದು ತಗೊಂಡವರನ್ನು. ಪಕ್ಕದಲ್ಲಿ ಮಲಗುವವರನ್ನು ಕಾಯಬೇಕಾದ್ದು ಕಾಂಡೋಮ್. ಇಲ್ಲಿ ಅದಕ್ಕೆ ಮೂರನೇ ಅರ್ಥ: ನಿನಗೇನೂ ಆಗಬಾರದು.

ಪಥ್ಯದ ಪಟ್ಟಿ ಚಿಕ್ಕದು, ಒಂದು ಕಡೆ ಬರೆದಿಡ್ತೀನಿ:

- ಮಾತ್ರೆ ಮುಗಿದ ದಿನಕ್ಕೆ ಕಾಂಡೋಮ್ ಬಿಡುವಂತಿಲ್ಲ. ಮೂರು ತಿಂಗಳ ಟೆಸ್ಟ್ ಆಗಿ, ಡಾಕ್ಟರು ಸರಿ ಅನ್ನುವವರೆಗೆ ಪ್ರತಿ ಸಲವೂ ಬೇಕು. ಮೊದಲ ದಿನದ ಟೆಸ್ಟ್, ಆರು ವಾರದ್ದು, ಮೂರು ತಿಂಗಳದ್ದು ತಪ್ಪಿಸಬಾರದು. ಆಮೇಲೆ ಇನ್ನೊಂದು ಬೇಕು ಅಂದರೆ ಅದನ್ನೂ ಮಾಡಿಸಬೇಕು.
- ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬಾರದು, ಲೇಟೆಕ್ಸ್ ಹರಿಯುತ್ತದೆ. ನೀರಿನಂಶದ ಜೆಲ್ ಪರವಾಗಿಲ್ಲ. ಒಂದರ ಮೇಲೊಂದು ಹಾಕುವುದೂ ಬೇಡ. ಪೊಟ್ಟಣದ ಮೇಲಿನ ತಾರೀಕು ನೋಡಿ.
- ಕಾಂಡೋಮ್ ಹರಿದರೆ, ಜಾರಿದರೆ ಮುಚ್ಚಿಡದೆ ಎಆರ್‌ಟಿ ಕೇಂದ್ರದಲ್ಲಿ ಹೇಳಬೇಕು.
- ಆ ಅವಧಿಯಲ್ಲಿ ರಕ್ತದಾನ ಇಲ್ಲ. ಗರ್ಭ ಧರಿಸುವ ಯೋಚನೆ ಇದ್ದರೆ ಮುಂದೂಡುವುದು ಒಳ್ಳೆಯದು. ಮಗುವಿಗೆ ಹಾಲೂಡಿಸುತ್ತಿದ್ದರೆ ಮೊದಲೇ ಡಾಕ್ಟರಿಗೆ ತಿಳಿಸಬೇಕು.
- ಚುಚ್ಚಿದ ಬೆರಳನ್ನು ಹಿಂಡಬಾರದು, ಬಾಯಿಗಿಡಬಾರದು. ಸೋಪು ನೀರಿನಲ್ಲಿ ತೊಳೆದು ಓಡಬೇಕು, ಅಷ್ಟೇ.

ಆಪ್ತ ಸಮಾಲೋಚಕರು ಅಂತ ಇರುತ್ತಾರೆ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ಕೂತು ಕೇಳಬಹುದು. ನಾವು ಹೇಳಲಾಗದ್ದನ್ನು ಅವರು ಎರಡು ವಾಕ್ಯದಲ್ಲಿ ಹೇಳುತ್ತಾರೆ. ಕಾನೂನೂ ಜೊತೆಗಿದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಆಸ್ಪತ್ರೆಯಲ್ಲಿ ಇಂಥ ಅಪಾಯಕ್ಕೆ ಒಡ್ಡಿಕೊಳ್ಳುವ ಸಿಬ್ಬಂದಿಗೆ ಪೆಪ್ ಕೊಡುವುದು ಆ ಸಂಸ್ಥೆಯ ಹೊಣೆ ಅಂತ ಅದು ಹೇಳುತ್ತದೆ. ಅತ್ಯಾಚಾರಕ್ಕೆ ಒಳಗಾದವರಿಗೂ ಪೆಪ್ ಸಿಗಬೇಕು ಅಂತ ಆರೋಗ್ಯ ಇಲಾಖೆಯ ಮಾರ್ಗಸೂಚಿ ಇದೆ. ಬೇರೆ ಕಾರಣಕ್ಕೆ ಹೆದರಿಕೆ ಆದವರೂ 72 ಗಂಟೆಯನ್ನು ಯೋಚನೆಯಲ್ಲೇ ಕಳೆಯದೆ ಡಾಕ್ಟರನ್ನು ಕಾಣುವುದು ಲೇಸು.

ಮಾತ್ರೆ ಸಿಕ್ಕರೆ ಜನ ಕಾಂಡೋಮ್ ಬಿಟ್ಟುಬಿಡ್ತಾರೆ ಅನ್ನುವವರೂ ಇದ್ದಾರೆ. ಅದಕ್ಕೆ ಉತ್ತರ ಮೈಸೂರಿನಲ್ಲಿದೆ. ಪೆಪ್‌ನ ತಂಗಿ ಅನ್ನಬಹುದಾದ ಪ್ರೆಪ್, ಅಂದರೆ ಅಪಾಯಕ್ಕೆ ಮೊದಲೇ ತಗೊಳ್ಳುವ ಮಾತ್ರೆ, ಅದನ್ನು ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿದ ಅಶೋದಯ ಸಮಿತಿ ಅಲ್ಲಿ ಕಳೆದ ದಶಕದಲ್ಲಿ ಪ್ರಯೋಗ ಮಾಡಿ ನೋಡಿತು. ಮಾತ್ರೆ ಶುರುವಾದ ಮೇಲೂ ಅವರು ಕಾಂಡೋಮ್ ಕೈಬಿಡಲಿಲ್ಲ. ಪಥ್ಯವನ್ನು ಬಾಯಿಬಿಟ್ಟು ಮಾತಾಡಿಕೊಂಡ ಜನ ಅವರು, ಅದಕ್ಕೇ ಇರಬೇಕು.

ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಆಸ್ಪತ್ರೆ ಕೆಲಸಕ್ಕೆ ಹೋಗುವ ಅಕ್ಕ, ತಂಗಿ, ಲ್ಯಾಬಿನ ಹುಡುಗ, ವಾರ್ಡು ಗುಡಿಸುವ ಆಯಾ ಯಾರಾದರೂ ಇದ್ದೇ ಇರ್ತಾರೆ. 72 ಗಂಟೆ, 28 ದಿನದ ಲೆಕ್ಕ ಅವರಿಗೆ ಗೊತ್ತಿರಬಹುದು. ಮೂರು ತಿಂಗಳ ಲೆಕ್ಕವನ್ನು ಅವರಿಗೂ, ಮುಖ್ಯವಾಗಿ ಅವರ ಮನೆಯವರಿಗೂ ಹೇಳಿ.